ನೆಲಮಾಳಿಗೆಯ ಬೂಷ್ಟಿಗೆ ಯಾವ ಪೇಂಟ್? ದಯವಿಟ್ಟು ಇನ್ನು ಕೇಳಬೇಡಿ

ಜೂನ್ ಬಂದರೆ ಸಾಕು, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಇದೇ ಪ್ರಶ್ನೆಗಳು. ಮನೆ ಕಟ್ಟಿಸುವ ಕೆಲಸದಲ್ಲಿರುವವನಿಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಈ ಸಲ ಎಲ್ಲರಿಗೂ ಒಟ್ಟಿಗೇ ಉತ್ತರಿಸುತ್ತೇನೆ.

ಇಳಿಜಾರಿನ ಮನೆ. ನೆಲಮಾಳಿಗೆಯ ಹಿಂದಿನ ಗೋಡೆ ಧರೆಗೆ, ಅಂದರೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆಗೆ, ಒತ್ತಿಕೊಂಡಿದೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಪೇಂಟ್ ಹೊಡೆಸಿದರೂ ಪ್ರತಿ ಮಳೆಗಾಲ ಬೂಷ್ಟು. ಯಾವ ಪೇಂಟ್ ಒಳ್ಳೆಯದು?

ಯಾವುದೂ ಅಲ್ಲ. ಗೋಡೆ ಒದ್ದೆ ಇರುವಷ್ಟು ದಿನ ಬೂಷ್ಟು ಬರುತ್ತದೆ, ನೀವು ಉಜ್ಜುತ್ತಲೇ ಇರುತ್ತೀರಿ.

ಮೊದಲು ಅದು ಬೂಷ್ಟು ಹೌದೋ ಅಲ್ವೋ ನೋಡಿ. ಬಿಳಿ ಪುಡಿಯಾದರೆ ಒಂದು ಹನಿ ನೀರು ಹಾಕಿ. ಕರಗಿದರೆ ಅದು ಗೋಡೆಯ ಉಪ್ಪು, ಅಂದರೆ ನೀರು ಗೋಡೆಯೊಳಗಿಂದ ಹಾದು ಬರುತ್ತಿದೆ. ಕಪ್ಪು, ಹಸಿರು ಚುಕ್ಕೆ, ಜೊತೆಗೆ ಮುಗ್ಗಲು ವಾಸನೆ ಇದ್ದರೆ ಬೂಷ್ಟೇ.

ಆಮೇಲೆ ಗೋಡೆಯ ಒಂದು ಜಾಗ ಒರೆಸಿ ಒಣಗಿಸಿ, ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹಿಂದೆ ನೀರು ಕಂಡರೆ ಅದು ಧರೆಯ ನೀರು. ಹಾಳೆಯ ಮುಂದೆ, ಕೋಣೆಯ ಕಡೆ ಕಂಡರೆ ಕೋಣೆಯ ಗಾಳಿ ತಣ್ಣನೆಯ ಗೋಡೆಗೆ ತಾಗಿ ಬೆವರಿದ್ದು. ಎರಡೂ ಕಡೆ ಇದ್ದರೆ ಎರಡೂ ಕೆಲಸ ಮಾಡಬೇಕು.

ಧರೆ ನೀರಾದರೆ ಕೆಲಸ ಹೊರಗೆ. ತೋಟಕ್ಕೆ ಬಸಿಗಾಲುವೆ ಬೇಕು ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ, ಮನೆ ಹಿಂದೆ ಮಾತ್ರ ಅದು ಯಾಕೋ ನೆನಪೇ ಆಗುವುದಿಲ್ಲ. ಧರೆಗೂ ಗೋಡೆಗೂ ನಡುವೆ, ನೆಲಮಾಳಿಗೆಯ ನೆಲಕ್ಕಿಂತ ಕೆಳಗೆ, ತೂತಿನ ಪೈಪ್ ಇಟ್ಟು ಜಲ್ಲಿ ತುಂಬಿ ನೀರನ್ನು ಇಳಿಜಾರಿನ ಕಡೆಗೆ ಬಿಡಿ. ಸೂರಿನ ನೀರು ಅಲ್ಲಿ ಬೀಳಲೇಬಾರದು. ಉಳಿದ ಕಡೆ ಅಂಗಳ ಗೋಡೆಯಿಂದ ಹೊರಕ್ಕೆ 10 ಅಡಿಗೆ 6 ಇಂಚು ಇಳಿದಿರಲಿ. ಇದೆಲ್ಲ ಬೇಸಿಗೆಯ ಕೆಲಸ. ಮಳೆಯಲ್ಲಿ ಧರೆಯ ಬುಡ ಕೆದಕಿದರೆ ಧರೆಯೇ ಮನೆ ಮೇಲೆ ಬರುತ್ತದೆ. ಧರೆ ಎತ್ತರವಿದ್ದರೆ ಎಂಜಿನಿಯರ್ ನೋಡದೆ ಗುದ್ದಲಿ ಹಾಕಲೇಬೇಡಿ, ಈ ವಿಷಯದಲ್ಲಿ ನಾನು ಹೆದರುಪುಕ್ಕಲನೇ.

ಒಳಗಡೆಯಿಂದ ವಾಟರ್‌ಪ್ರೂಫ್ ಕೋಟಿಂಗ್ ಹೊಡೆದು ಹತ್ತು ವರ್ಷ ಗ್ಯಾರಂಟಿ ಕೊಡುವವರಿದ್ದಾರಲ್ಲ, ಅವರಿಗೆ ಟೀ ಕೊಟ್ಟು ಕಳಿಸಿ. ನೀರು ಹಿಂದಿನಿಂದ ಒತ್ತುವಾಗ ಮುಂದೆ ಬಳಿದದ್ದು ಗುಳ್ಳೆ ಎದ್ದು ಉದುರುತ್ತದೆ. ಜಂಬಿಟ್ಟಿಗೆ (ತೂತು ತೂತಿನ ಕೆಂಪು ಮುರಕಲ್ಲು) ಗೋಡೆ ನೀರು ಹೀರುತ್ತದೆ, ಅದಕ್ಕೆ ಉಸಿರಾಡಲು ಬಿಡಬೇಕು. ಅಜ್ಜನ ಕಾಲದ ಸುಣ್ಣವೇ ಸರಿ: ತೇವ ಹೊರಗೆ ಬಿಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟೂ ಸುಲಭವಾಗಿ ಹತ್ತುವುದಿಲ್ಲ.

ಗೋಡೆ ಬೆವರುವುದಾದರೆ, "ಗಾಳಿ ಆಡಲಿ" ಅಂತ ಜುಲೈನಲ್ಲಿ ನೆಲಮಾಳಿಗೆಯ ಕಿಟಕಿ ತೆಗೆದಿಡುತ್ತೀರಲ್ಲ, ಅದನ್ನು ನಿಲ್ಲಿಸಿ. ಆಗ ಹೊರಗಿನ ಗಾಳಿಯೇ ಒದ್ದೆ. ಕಿಟಕಿ ಮುಚ್ಚಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಹಾಕಿ, ತೇವಾಂಶ ಶೇ 60ಕ್ಕಿಂತ ಕೆಳಗಿರಲಿ. ಬೀರುವನ್ನು ಗೋಡೆಯಿಂದ ಸ್ವಲ್ಪ ಈಚೆ ಎಳೆಯಿರಿ.

ಇರುವ ಬೂಷ್ಟನ್ನು ಸೋಪು ನೀರು ಹಚ್ಚಿ ಒದ್ದೆಯಲ್ಲೇ ಉಜ್ಜಿ, ಒಣಗಿದ್ದಾಗ ಕೆರೆದರೆ ಪುಡಿಯೆಲ್ಲ ಮೂಗಿಗೆ. ಎನ್95 ಮಾಸ್ಕ್, ಗ್ಲೌಸ್ ಇರಲಿ. ಅಸ್ತಮಾ ಇರುವವರು ಆ ಕಡೆ ಬರುವುದೇ ಬೇಡ. ಬ್ಲೀಚಿಂಗ್‌ನಿಂದ ಮೇಲಿನ ಬಣ್ಣ ಹೋಗುತ್ತದೆ, ಜಂಬಿಟ್ಟಿಗೆಯ ತೂತಿನೊಳಗಿನದು ಉಳಿಯುತ್ತದೆ. ಬ್ಲೀಚಿಂಗ್‌ಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸುವವರೂ ಇದ್ದಾರೆ! ಹೊರಡುವುದು ಕ್ಲೋರಿನ್ ಅನಿಲ, ಮುಚ್ಚಿದ ನೆಲಮಾಳಿಗೆಯಲ್ಲಿ ಜೀವಕ್ಕೇ ಕುತ್ತು.

ಕರಿ ಬೂಷ್ಟು ಮಾತ್ರ ವಿಷವಂತೆ?

ಬಣ್ಣ ನೋಡಿ ವಿಷ ಹೇಳಲಾಗುವುದಿಲ್ಲ. ಯಾವ ಬಣ್ಣದ್ದಿದ್ದರೂ ತೆಗೆಯಿರಿ.

ಸಾಂಬ್ರಾಣಿ ಹೊಗೆ ಹಾಕಿದರೆ?

ಸ್ವಲ್ಪ ಹೊತ್ತು ವಾಸನೆ ಮುಚ್ಚುತ್ತದೆ, ಅಷ್ಟೇ.

ವಾಸ್ತು ದೋಷ ಅಂತ ಒಬ್ಬರು ಬಾಗಿಲು ಬದಲಿಸಲು ಹೇಳಿದ್ದಾರೆ.

ಆ ದುಡ್ಡಿನಲ್ಲಿ ಚರಂಡಿ ಮಾಡಿಸಿ.

ಅಡಿಕೆ ಚೀಲ ಅಲ್ಲೇ ಇಡಬಹುದಾ?

ಬೇಡ. ಕೆಳಗೆ ಹಲಗೆ ಹಾಕಿದರೂ ಬೇಡ. ಬೂಷ್ಟು ಹಿಡಿದದ್ದನ್ನು ಬಿಸಿಲಿಗೆ ಹರವಿ ಮಾರುವ ಯೋಚನೆ ಇದ್ದರೆ ಅದೂ ಬೇಡ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಆಗಿದ್ದರೆ ಒಣಗಿಸಿದರೂ ಹೋಗುವುದಿಲ್ಲ.