ಹಳೆ ಬೆಂಜ್ ಕಾರು ದಾನ ಕೊಟ್ಟರೆ ಎಷ್ಟು ತೆರಿಗೆ ಉಳಿಯುತ್ತೆ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಜನವರಿಯಲ್ಲಿ ಮೈಸೂರಿಗೆ ವಾಪಸ್ ಹೊರಡುತ್ತೇವೆ. ನಮ್ಮ ಹತ್ತಿರ 2008ರ ಮರ್ಸಿಡಿಸ್ ಎಸ್550 ಇದೆ. 1,42,000 ಮೈಲಿ ಓಡಿದೆ. ಎಂಜಿನ್ ಚೆನ್ನಾಗಿದೆ. ಆದರೆ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಹೊತ್ತಿಗೆ ಮುಂದಿನ ಎಡಗಡೆ ಕುಸಿದಿರುತ್ತೆ. ಸೇವಾ ಸಂಸ್ಥೆಗೆ ಕೊಟ್ಟರೆ ಕಾರಿನ ಪೂರ್ತಿ ಬೆಲೆಗೆ ತೆರಿಗೆ ವಿನಾಯಿತಿ ಸಿಗುತ್ತೆ ಅಂತ ಸ್ನೇಹಿತರು ಹೇಳುತ್ತಾರೆ. ಆನ್‌ಲೈನ್‌ನಲ್ಲಿ ಇದರ ಬೆಲೆ 6,000 ಡಾಲರ್ ತೋರಿಸುತ್ತೆ. ನಮ್ಮತ್ತೆಗೆ ಬೇರೆ ಚಿಂತೆ. "ಕೆಟ್ಟ ಕಾರು ಕೊಡೋದು ಮುದಿ ಹಸು ದಾನ ಕೊಟ್ಟ ಹಾಗಲ್ವೇನಮ್ಮ" ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ಆ 6,000 ಡಾಲರ್ ಮರೆತುಬಿಡಿ. ನಿಮ್ಮ ಸ್ನೇಹಿತರು ಹೇಳುತ್ತಿರುವುದು ಹಳೆ ಕಾಲದ ನಿಯಮ. 2004ರ ಕೊನೆಯವರೆಗೆ ಹಾಗೇ ಇತ್ತು. ಕಾರಿನ ಮಾರುಕಟ್ಟೆ ಬೆಲೆ ಇಷ್ಟು ಅಂತ ನೀವೇ ಬರೆದುಕೊಂಡು ಅಷ್ಟಕ್ಕೂ ವಿನಾಯಿತಿ ಕೇಳಬಹುದಿತ್ತು. 2005ರ ಜನವರಿ 1ರಿಂದ ಅದು ಹೋಯಿತು. ಈಗ ನೀವು 500 ಡಾಲರ್‌ಗಿಂತ ಜಾಸ್ತಿ ಕೇಳಬೇಕಾದರೆ, ಸಂಸ್ಥೆಯವರು ಕಾರನ್ನು ಎಷ್ಟಕ್ಕೆ ಮಾರಿದರೋ ಅಷ್ಟೇ ನಿಮ್ಮ ಲೆಕ್ಕಕ್ಕೆ ಬರುತ್ತೆ. 500 ಅಥವಾ ಅದಕ್ಕಿಂತ ಕಡಿಮೆಗೆ ಮಾರಾಟವಾದರೆ, 500 ಡಾಲರ್ ಇಲ್ಲವೇ ಕಾರಿನ ನಿಜವಾದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಾಕಿಕೊಳ್ಳಬಹುದು.

ಮಾರುವುದು ಎಲ್ಲಿ? ಬಹುತೇಕ ಹರಾಜಿನಲ್ಲಿ. ಟೋ ಟ್ರಕ್ ಬಂದು ಕಾರು ಎತ್ತಿಕೊಂಡು ಹೋಗುತ್ತೆ, ಹರಾಜಿನ ಅಂಗಳದಲ್ಲಿ ನೂರಾರು ಕಾರುಗಳ ಜೊತೆ ನಿಲ್ಲಿಸುತ್ತಾರೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅಂತೀವಲ್ಲ, ದೊಡ್ಡ ಕಾರಿನ ವಿಷಯದಲ್ಲಿ ಆ ಮಾತು ನಡೆಯೋದಿಲ್ಲ. ನಿಮ್ಮದು ಹೊಸದರಲ್ಲಿ 80 ಸಾವಿರ ಡಾಲರ್ ದಾಟಿದ್ದ ಕಾರು. ಕಾರಿಗೆ ವಯಸ್ಸಾದರೂ ಅದರ ಬಿಡಿಭಾಗಗಳ ಬೆಲೆ ಮಾತ್ರ ದೊಡ್ಡ ಕಾರಿನ ಬೆಲೆಯಾಗಿಯೇ ಉಳಿಯುತ್ತೆ. ಬೆಳಿಗ್ಗೆ ಕುಸಿದಿರುತ್ತೆ ಅಂದಿರಲ್ಲ, ಅದು ಗಾಳಿಯ ಸಸ್ಪೆನ್ಷನ್. ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತೆ. ರಬ್ಬರ್ ಹಳೆಯದಾಗಿ ಬಿರುಕು ಬಿಟ್ಟರೆ ರಾತ್ರಿಯೆಲ್ಲಾ ಗಾಳಿ ಸೋರುತ್ತೆ. ಸ್ಟಾರ್ಟ್ ಮಾಡಿದ ತಕ್ಷಣ ಕಂಪ್ರೆಸರ್ ಗಾಳಿ ತುಂಬಿ ಕಾರನ್ನು ಎತ್ತುತ್ತೆ. ಹೀಗೇ ಬಿಟ್ಟರೆ ದುಡಿದು ದುಡಿದು ಕಂಪ್ರೆಸರ್ ಕೂಡ ಸುಟ್ಟುಹೋಗುತ್ತೆ. ಹರಾಜಿಗೆ ಬರುವವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಮೂಲೆ ಕುಸಿದು ನಿಂತ ಎಸ್ ಕ್ಲಾಸ್ ಕಂಡರೆ ಅವರು ಬೆಲೆ ಇಳಿಸಿಯೇ ಕೂಗುತ್ತಾರೆ.

ಈಗ ಲೆಕ್ಕ ಹಾಕೋಣ. ಹರಾಜಿನಲ್ಲಿ 1,800 ಡಾಲರ್ ಬಂತು ಅಂತ ಇಟ್ಟುಕೊಳ್ಳಿ. ವಿನಾಯಿತಿ ಅಂದರೆ ಆ 1,800 ನಿಮ್ಮ ಕೈಗೆ ಬರೋದಲ್ಲ, ಆದಾಯದಿಂದ ಅಷ್ಟು ಕಳೆಯುತ್ತಾರೆ ಅಷ್ಟೇ. ನೀವು 24 ಪರ್ಸೆಂಟ್ ತೆರಿಗೆಯವರಾದರೆ ಫೆಡರಲ್ ತೆರಿಗೆಯಲ್ಲಿ ಉಳಿಯೋದು 432 ಡಾಲರ್. ಅದೂ ನೀವು ಐಟಮೈಸ್ ಮಾಡುವವರಾದರೆ, ಅಂದರೆ ವಿನಾಯಿತಿಯ ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಕಳೆಯುವವರಾದರೆ ಮಾತ್ರ. ಪಟ್ಟಿ ಮಾಡದವರಿಗೆ ಸಾರಾಸಗಟಾಗಿ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 2026ಕ್ಕೆ ಗಂಡ ಹೆಂಡತಿ ಇಬ್ಬರಿಗೂ ಸೇರಿ 32,200 ಡಾಲರ್. ಮನೆ ಸಾಲದ ಬಡ್ಡಿ, ರಾಜ್ಯದ ತೆರಿಗೆ, ದಾನ ಎಲ್ಲಾ ಸೇರಿ ಅದನ್ನು ದಾಟದಿದ್ದರೆ ಕಾರು ಕೊಟ್ಟಿದ್ದಕ್ಕೆ ಒಂದು ಸೆಂಟೂ ಉಳಿಯೋದಿಲ್ಲ. ಇನ್ನೊಂದು ಹೊಸ ನಿಯಮವೂ 2026ರಿಂದ ಬಂದಿದೆ. ಐಟಮೈಸ್ ಮಾಡುವವರ ದಾನದಲ್ಲಿ, ಆದಾಯದ ಅರ್ಧ ಪರ್ಸೆಂಟ್‌ವರೆಗಿನ ಮೊತ್ತ ಲೆಕ್ಕಕ್ಕೇ ಬರೋದಿಲ್ಲ. ಆದಾಯ 2,80,000 ಡಾಲರ್ ಇದ್ದರೆ ಮೊದಲ 1,400 ಹೋಯಿತು. ಆ ವರ್ಷ ನೀವು ಕಾರು ಬಿಟ್ಟು ಬೇರೇನೂ ಕೊಟ್ಟಿಲ್ಲ ಅಂದರೆ ಉಳಿದ 400 ಡಾಲರ್‌ಗೆ ಮಾತ್ರ ವಿನಾಯಿತಿ. ಅಂದರೆ ಉಳಿತಾಯ 96 ಡಾಲರ್.

ಹಾಗಾಗಿ ನನ್ನ ಸಲಹೆ ನೇರವಾಗಿ ಹೇಳುತ್ತೇನೆ. ಇನ್ನೂ ಸಮಯ ಇದ್ದರೆ ಕಾರನ್ನು ನೀವೇ ಮಾರಿ, ಬಂದ ಹಣವನ್ನು ದಾನ ಕೊಡಿ. ಈ ಕಾರಿನ ಹುಚ್ಚು ಇರುವವರು, ಸಸ್ಪೆನ್ಷನ್ ಕೆಲಸ ತಾವೇ ಮಾಡಿಕೊಳ್ಳುವವರು ಬೇ ಏರಿಯಾದಲ್ಲಿ ಇದ್ದಾರೆ. ದೋಷ ಮುಚ್ಚಿಡದೆ ಹೇಳಿ ಮಾರಿದರೂ ಹರಾಜಿಗಿಂತ ಹೆಚ್ಚು ಸಿಗುವ ಸಾಧ್ಯತೆ ಇದೆ. ಕೊಂಡಿದ್ದಕ್ಕಿಂತ ಕಡಿಮೆಗೆ ಮಾರುತ್ತಿರುವುದರಿಂದ ಅದಕ್ಕೆ ತೆರಿಗೆ ಇಲ್ಲ. 2026ರಿಂದ ಐಟಮೈಸ್ ಮಾಡದ ದಂಪತಿಗೂ 2,000 ಡಾಲರ್‌ವರೆಗಿನ ದಾನಕ್ಕೆ ವಿನಾಯಿತಿ ಇದೆ. ಆದರೆ ಅದು ಹಣವಾಗಿ ಕೊಟ್ಟಿದ್ದಕ್ಕೆ ಮಾತ್ರ, ಕಾರಿಗೆ ಇಲ್ಲ. ಸಂಸ್ಥೆಗೂ ಇದೇ ಒಳ್ಳೆಯದು. ಟೋ ಖರ್ಚು, ಹರಾಜಿನವರ ಪಾಲು, ಮಧ್ಯದ ಏಜೆನ್ಸಿಯ ಪಾಲು ಯಾವುದೂ ಕಳೆಯದೆ ಪೂರ್ತಿ ಹಣ ಅವರಿಗೆ ಸೇರುತ್ತೆ. ಒಂದು ಮಾತ್ರ ಇದೆ, ಕ್ಯಾಲಿಫೋರ್ನಿಯಾದಲ್ಲಿ ಮಾರುವವರೇ ಹೊಗೆ ತಪಾಸಣೆಯ ಸ್ಮಾಗ್ ಸರ್ಟಿಫಿಕೇಟ್ ಕೊಡಬೇಕು. ಅದು 90 ದಿನದೊಳಗಿನದಾಗಿರಬೇಕು.

ಮಾರುವ ಓಡಾಟ ಆಗೋದಿಲ್ಲ, ಗಂಟುಮೂಟೆ ಕಟ್ಟುವುದೇ ಸಾಕಾಗಿದೆ ಅಂದರೆ ಕಾರನ್ನೇ ಕೊಡಿ, ತಪ್ಪೇನಿಲ್ಲ. ಆದರೆ ಜಾಹೀರಾತು ನೋಡಿ ಕೊಡಬೇಡಿ. ನಿಮಗೆ ಮೊದಲೇ ಗೊತ್ತಿರುವ, ನಂಬಿಕೆ ಇರುವ ಸಂಸ್ಥೆಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಕಾರನ್ನು ನೀವೇ ಮಾರುತ್ತೀರಾ, ಏಜೆನ್ಸಿಗೆ ಕೊಡುತ್ತೀರಾ? ಮಾರಿದ ಹಣದಲ್ಲಿ ನಿಮ್ಮ ಕೈಗೆ ಎಷ್ಟು ಬರುತ್ತೆ? ಸರಿಯಾಗಿ ಉತ್ತರ ಕೊಡದಿದ್ದರೆ ಬೇರೆ ಕಡೆ ನೋಡಿ. ಆ ಸಂಸ್ಥೆಗೆ 501(ಸಿ)(3) ಮಾನ್ಯತೆ, ಅಂದರೆ ಕೊಟ್ಟ ದಾನಕ್ಕೆ ವಿನಾಯಿತಿ ಸಿಗುವ ಮಾನ್ಯತೆ ಇದೆಯಾ ಅಂತ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ವೆಬ್‌ಸೈಟಿನಲ್ಲೇ ಹುಡುಕಬಹುದು.

ಫ್ರೀಮಾಂಟ್ ಕಡೆಯ ನಿಮ್ಮ ದೇವಸ್ಥಾನಕ್ಕೂ ಆ ಮಾನ್ಯತೆ ಇದ್ದರೆ ಒಂದು ಬೇರೆ ದಾರಿ ಇದೆ. ಸಂಸ್ಥೆ ಕಾರನ್ನು ಮಾರದೆ ತನ್ನ ಕೆಲಸಕ್ಕೇ ದೊಡ್ಡ ಪ್ರಮಾಣದಲ್ಲಿ ಬಳಸಿದರೆ, ಉದಾಹರಣೆಗೆ ಒಂದು ವರ್ಷ ದಿನಾ ಬಡವರಿಗೆ ಊಟ ತಲುಪಿಸಲು ಓಡಿಸಿದರೆ, ಮಾರುಕಟ್ಟೆ ಬೆಲೆಗೇ ವಿನಾಯಿತಿ ಕೇಳಬಹುದು. ರಿಪೇರಿ ಮಾಡಿ ಬಡ ಕುಟುಂಬಕ್ಕೆ ಕೊಟ್ಟರೂ ಹಾಗೇ. ಅಮೆರಿಕದಲ್ಲಿ ಇದೇ ಕೆಲಸ ಮಾಡುವ ಸಂಸ್ಥೆಗಳಿವೆ. ಮೇರಿಲ್ಯಾಂಡ್‌ನ ವೆಹಿಕಲ್ಸ್ ಫಾರ್ ಚೇಂಜ್, ವರ್ಮಾಂಟ್‌ನ ಗುಡ್ ನ್ಯೂಸ್ ಗರಾಜ್ ಅಂಥವು. ಆದರೆ ನಿಮ್ಮ ಕಾರು ಅದಕ್ಕೆ ಹೇಳಿಸಿದ್ದಲ್ಲ. ಕೆಲಸಕ್ಕೆ ಹೋಗಿ ಬರಲು ಕಾರು ಬೇಕಾದ ತಾಯಿಯೊಬ್ಬಳ ಕೈಗೆ ಎಸ್550 ಕೊಟ್ಟರೆ, ಪ್ರೀಮಿಯಂ ಪೆಟ್ರೋಲಿಗೂ ಆ ಗಾಳಿ ಚೀಲಕ್ಕೂ ಅವಳು ಎಲ್ಲಿಂದ ಹಣ ತರಬೇಕು?

ನಿಮ್ಮತ್ತೆಯವರ ಮಾತಿಗೆ ಬರುತ್ತೇನೆ. ನಚಿಕೇತನ ಕಥೆ ಮನಸ್ಸಿನಲ್ಲಿಟ್ಟುಕೊಂಡೇ ಅವರು ಹೇಳಿದ್ದಾರೆ, ಅಲ್ವಾ? ಆ ಕಥೆಯಲ್ಲಿ ಅಪ್ಪ ಹಾಲು ಬತ್ತಿದ ಹಸುಗಳನ್ನು ಹಸು ಎನ್ನುವ ಲೆಕ್ಕದಲ್ಲೇ ಕೊಟ್ಟ. ಪಡೆದವನಿಗೆ ಹಾಲಿಲ್ಲ, ಮೇವಿನ ಭಾರ ಮಾತ್ರ. ಇಲ್ಲಿ ಹಾಗಾಗಬೇಕಾಗಿಲ್ಲ. ಕಾರು ತೆಗೆದುಕೊಳ್ಳುವಾಗ ಸಂಸ್ಥೆಯವರು ಏನು ಕೆಟ್ಟಿದೆ ಅಂತ ಕೇಳುತ್ತಾರೆ. ಸಸ್ಪೆನ್ಷನ್ ವಿಷಯ ಪೂರ್ತಿ ಹೇಳಿ. ತಿಳಿದೇ ತೆಗೆದುಕೊಂಡರೆ ಅದನ್ನು ಮಾರಿ ಬಂದ ದುಡ್ಡು ಅವರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತೆ. ಬೇಡ ಅಂದರೆ ಒತ್ತಾಯ ಮಾಡಬೇಡಿ. ಅತ್ತೆಯವರ ಪ್ರಶ್ನೆ ಸರಿಯಾಗಿಯೇ ಇದೆ, ನನ್ನ ಹತ್ತಿರ ಬರುವವರು ಅದನ್ನು ಕೇಳೋದೇ ಇಲ್ಲ.

ಕೊಡುವ ದಿನ ಟೈಟಲ್, ಅಂದರೆ ಕಾರಿನ ಮಾಲೀಕತ್ವದ ಪತ್ರದ ಮೇಲೆ ನಿಧಾನವಾಗಿ ಸಹಿ ಮಾಡಿ. ಹೊಡೆದು ಹಾಕಿ ತಿದ್ದಿದರೆ ರಾಜ್ಯದ ವಾಹನ ಇಲಾಖೆ ಡಿಎಂವಿಯಲ್ಲಿ ತೊಂದರೆ. ಇಬ್ಬರ ಹೆಸರಿದ್ದು ಮಧ್ಯೆ "ಆಂಡ್" ಇದ್ದರೆ ಇಬ್ಬರೂ ಸಹಿ ಹಾಕಬೇಕು. ಐದು ದಿನದೊಳಗೆ ಡಿಎಂವಿ ವೆಬ್‌ಸೈಟಿನಲ್ಲಿ, ಇನ್ನು ಕಾರಿನ ಹೊಣೆ ನಮ್ಮದಲ್ಲ ಅಂತ ತಿಳಿಸುವ ರಿಲೀಸ್ ಆಫ್ ಲಯಬಿಲಿಟಿ ತುಂಬಿ. ನನ್ನ ಪರಿಚಯದ ಒಬ್ಬರು ಇದನ್ನು ಮರೆತು, ಕಾರು ಕೊಟ್ಟ ಎರಡು ತಿಂಗಳ ಮೇಲೆ ಯಾರೋ ದಾಟಿದ ಸೇತುವೆಯ ಟೋಲ್ ಬಿಲ್ ಕಟ್ಟುತ್ತಾ ಕೂತಿದ್ದರು. ಇನ್ಶೂರೆನ್ಸ್ ನಿಲ್ಲಿಸೋದು ಅದಾದ ಮೇಲೆ. ಟೋಲ್ ಕಟ್ಟುವ ಫಾಸ್ಟ್ರಾಕ್ ಟ್ಯಾಗ್, ಗರಾಜ್ ರಿಮೋಟ್ ತೆಗೆದುಕೊಳ್ಳಿ. ನ್ಯಾವಿಗೇಷನ್‌ನಲ್ಲಿರುವ ಮನೆ ವಿಳಾಸ, ಸೇರಿಸಿದ ಫೋನುಗಳನ್ನು ಅಳಿಸಿ. ಡ್ಯಾಶ್‌ಬೋರ್ಡಿನ ಗಣಪತಿಯನ್ನು ಎಳೆಯಬೇಡಿ. ಹೇರ್ ಡ್ರೈಯರ್ ಬಿಸಿಗೆ ಅಂಟು ಮೆತ್ತಗಾಗುತ್ತೆ, ಆಮೇಲೆ ಹಲ್ಲಿನ ಸಂದು ಶುಚಿ ಮಾಡುವ ದಾರ (ಡೆಂಟಲ್ ಫ್ಲಾಸ್) ಅಡಿಗೆ ತೂರಿಸಿದರೆ ಮೂರ್ತಿ ಮುಕ್ಕಾಗದೆ ಬರುತ್ತೆ.

ಮಾರಾಟವಾದ 30 ದಿನದೊಳಗೆ ಸಂಸ್ಥೆಯವರು ಕಾರು ಎಷ್ಟಕ್ಕೆ ಹೋಯಿತು ಅಂತ ತಿಳಿಸುವ ಫಾರ್ಮ್ 1098-ಸಿ ಕೊಡಬೇಕು. ಅದು ಇಲ್ಲದೆ 500ಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ರಿಟರ್ನ್ ಜೊತೆ, ವಸ್ತುವಾಗಿ ಕೊಟ್ಟ ದಾನದ ವಿವರ ಬರೆಯುವ ಫಾರ್ಮ್ 8283 ಕೂಡ ಹೋಗಬೇಕು. ಡಿಸೆಂಬರ್‌ನಲ್ಲಿ ಕೊಟ್ಟು ಜನವರಿಯಲ್ಲಿ ಮಾರಾಟವಾದರೂ ವಿನಾಯಿತಿ ಕೊಟ್ಟ ವರ್ಷಕ್ಕೇ. ಅಷ್ಟರಲ್ಲಿ ನೀವು ಮೈಸೂರಿನಲ್ಲಿರುತ್ತೀರಿ, ಫಾರ್ಮ್ ಖಾಲಿ ಮನೆಗೆ ಹೋಗುತ್ತೆ. ಫ್ರೀಮಾಂಟ್‌ನಲ್ಲೇ ಇರುವ ನಂಬಿಕಸ್ಥರ ವಿಳಾಸ ಕೊಡಿ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ನನ್ನ 2011ರ ಲೆಕ್ಸಸ್ ಸೆಡಾನನ್ನು ಊರಿಂದ ಓದಲು ಬಂದಿರುವ ಹುಡುಗನಿಗೆ ಸುಮ್ನೆ ಕೊಡಬೇಕು ಅಂತಿದ್ದೇನೆ. ಅದೂ ದಾನವೇ ಅಲ್ವಾ?

ಉತ್ತರ: ಮನಸ್ಸಿಗೆ ದಾನ, ಐಆರ್‌ಎಸ್‌ಗೆ ಉಡುಗೊರೆ. ಒಬ್ಬ ವ್ಯಕ್ತಿಗೆ ಕೊಟ್ಟಿದ್ದಕ್ಕೆ ವಿನಾಯಿತಿ ಇಲ್ಲ. 2026ರಲ್ಲಿ ಒಬ್ಬರಿಗೆ 19,000 ಡಾಲರ್ ಒಳಗಿನ ಉಡುಗೊರೆಗೆ ಗಿಫ್ಟ್ ಟ್ಯಾಕ್ಸ್ ರಿಟರ್ನ್ ಕೂಡ ಬೇಕಿಲ್ಲ. ಹಾಗಾಗಿ ಧಾರಾಳವಾಗಿ ಕೊಡಿ. ನಿಮ್ಮ ನಂಬರ್ ಪ್ಲೇಟ್ ಮಾತ್ರ ಬಿಚ್ಚಿಕೊಳ್ಳಿ, ನ್ಯೂಜೆರ್ಸಿಯಲ್ಲಿ ಅದು ಕಾರಿನ ಜೊತೆ ಹೋಗೋದಿಲ್ಲ. ಕೀ ಕೊಡುವ ಮೊದಲು ಅವನ ಹೆಸರಿನಲ್ಲಿ ಇನ್ಶೂರೆನ್ಸ್ ಎಷ್ಟಾಗುತ್ತೆ ಅಂತ ಅವನೇ ವಿಚಾರಿಸಲಿ. ಚಿಕ್ಕ ವಯಸ್ಸು, ಹೊಸ ಲೈಸೆನ್ಸ್ ಅಂದರೆ ಮೊತ್ತ ಜೋರಾಗಿಯೇ ಇರುತ್ತೆ.

ಪ್ರಶ್ನೆ: ಬೆಂಗಳೂರಿನ ಜಯನಗರದಲ್ಲಿ ನಮ್ಮ ತಂದೆಯವರ 2010ರ ಹೋಂಡಾ ಅಕಾರ್ಡ್ ಇದೆ. ವೃದ್ಧಾಶ್ರಮಕ್ಕೆ ಕೊಟ್ಟರೆ ದಾನಕ್ಕೆ ಸಿಗುವ 80ಜಿ ತೆರಿಗೆ ವಿನಾಯಿತಿ ಸಿಗುತ್ತಾ?

ಉತ್ತರ: ಸಿಗೋದಿಲ್ಲ. ನಮ್ಮಲ್ಲಿ ಹಣವಾಗಿ ಕೊಟ್ಟ ದಾನಕ್ಕೆ ಮಾತ್ರ ಆ ವಿನಾಯಿತಿ, ವಸ್ತುವಿಗೆ ಇಲ್ಲ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೂ ಇಲ್ಲ, ಚೆಕ್ ಅಥವಾ ಆನ್‌ಲೈನ್‌ನಲ್ಲೇ ಕೊಡಬೇಕು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೇಗೂ ಇಲ್ಲ.

ಅದಕ್ಕಿಂತ ಮುಖ್ಯ, ನಿಮ್ಮ ಕಾರಿಗೆ 15 ವರ್ಷ ದಾಟಿದೆ. ಆರ್‌ಸಿ ನವೀಕರಿಸಿದ್ದೀರಾ ನೋಡಿ. ಇಲ್ಲದಿದ್ದರೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಿ, ಆಮೇಲೆ ಫಾರ್ಮ್ 29 ಮತ್ತು 30 ಕೊಟ್ಟು ಆಶ್ರಮದ ಹೆಸರಿಗೆ ವರ್ಗಾಯಿಸಿ. ಆ ಖರ್ಚನ್ನು ಅವರ ತಲೆಗೆ ಕಟ್ಟಬೇಡಿ. ಕೊಡುವ ಮೊದಲು ಒಮ್ಮೆ ಆಶ್ರಮಕ್ಕೆ ಹೋಗಿ ಬನ್ನಿ. ಅಲ್ಲಿ ಓಡಿಸುವವರು ಇದ್ದಾರಾ? ಮಂಡಿ ನೋವಿನ ಅಜ್ಜಿಯರು ಅಷ್ಟು ತಗ್ಗಿನ ಸೀಟಿಗೆ ಕೂತು ಏಳಬಲ್ಲರಾ? ಒಬ್ಬರನ್ನು ಕೂರಿಸಿ ನೋಡಿ. ಕಷ್ಟ ಅನ್ನಿಸಿದರೆ ಕಾರು ಮಾರಿ, ಆಸ್ಪತ್ರೆಗೆ ಹೋಗಿಬರಲು ಅವರು ಕರೆಸುವ ಆಟೋ, ಟ್ಯಾಕ್ಸಿಯ ಬಾಡಿಗೆಗೆ ಆ ಹಣ ಕೊಡಿ.