ಎರಡು ಸ್ಪೆಕ್ಟ್ರಮ್‌ಗೆ ಒಂದು ವೈರು

ಪ್ರಶ್ನೆ: ಸರ್, ಕಾಕಾ ಇಂಗ್ಲೆಂಡಿನಿಂದ ತಂದಿದ್ದ ಎರಡು ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹಳೆಯ ಕಂಪ್ಯೂಟರ್ ನಮ್ಮ ಮನೆಯಲ್ಲಿವೆ. ಎರಡಕ್ಕೂ ಇಂಟರ್‌ಫೇಸ್ 1, ಅಂದರೆ ಒಂದನ್ನು ಇನ್ನೊಂದಕ್ಕೆ ಜೋಡಿಸಲು ಬಳಸುವ ಹೆಚ್ಚುವರಿ ಪೆಟ್ಟಿಗೆ ಇದೆ. ಜೋಡಿಸುವ ಕೇಬಲ್ ಮಾತ್ರ ಕಳೆದಿದೆ. ಮನೆಯಲ್ಲೇ ಮಾಡಬಹುದಾ?
– ಓದುಗರು, ಬಾಗಲಕೋಟೆ

ಉತ್ತರ: ಖಂಡಿತ ಮಾಡಬಹುದು. ಇಷ್ಟು ವರ್ಷ ಜೋಪಾನ ಮಾಡಿದ್ದೀರಲ್ಲ, ತುಂಬಾ ಖುಷಿಯಾಯ್ತು. 1983ರ ಇಂಟರ್‌ಫೇಸ್ 1 ಕೇಳುವುದು ಎರಡೇ ತಂತಿ. ಇಲ್ಲಿ ಬೆಳಗಾವಿಯಲ್ಲಿ ನಾನು ರೇಡಿಯೋ ರಿಪೇರಿ ಅಂಗಡಿಯಲ್ಲೇ ಸಾಮಾನು ತರುತ್ತೇನೆ. 3.5 ಮಿ.ಮೀ. ಮೋನೊ ಜಾಕ್ ಪಿನ್ ಎರಡು, ಎರಡೆಳೆ ವೈರು, ಅಷ್ಟೇ. ಪಿನ್ ಕೈಯಲ್ಲಿ ಹಿಡಿದು ನೋಡಿ. ತುದಿಯ ಹತ್ತಿರ ಒಂದೇ ಕಪ್ಪು ಗೆರೆ ಇರಬೇಕು. ಎರಡಿದ್ದರೆ ಅದು ಸ್ಟೀರಿಯೊ, ಬೇಡ.

ಬೆಸುಗೆ ಹಾಕುವ ಮೊದಲೇ ಪಿನ್ನಿನ ಮುಚ್ಚಳ ವೈರಿಗೆ ತೂರಿಸಿ. ಒಂದು ಎಳೆ ತುದಿಗೆ, ಇನ್ನೊಂದು ಹೊರಮೈಗೆ. ಎರಡೂ ಕಡೆ ಅದೇ ಬಣ್ಣ, ಅದೇ ಜಾಗ. ಅದಲುಬದಲು ಬೇಡ. ಆಮೇಲೆ ಮಲ್ಟಿಮೀಟರಿನಲ್ಲಿ ಶಾರ್ಟ್ ಇದೆಯಾ ನೋಡಿ. ಈ ಒಂದು ಕೆಲಸ ಬಿಡಲೇಬೇಡಿ.

ಪ್ರತಿ ಇಂಟರ್‌ಫೇಸಿನಲ್ಲಿ ಎರಡು ಸಾಕೆಟ್ ಇವೆ, ಅಲ್ವಾ? ಒಂದೊಂದನ್ನು ಖಾಲಿ ಬಿಡಿ. ಇನ್ನೊಂದು ವೈರು ಹಾಕಿ ಸುತ್ತು ಮುಚ್ಚಬಾರದು.

ಪ್ರತಿ ಕಂಪ್ಯೂಟರಿಗೂ ಒಂದು ನಂಬರ್ ಕೊಡಲು ಮೊದಲನೆಯದರಲ್ಲಿ ಫಾರ್ಮ್ಯಾಟ್ "ಎನ್";1, ಎರಡನೆಯದರಲ್ಲಿ ಫಾರ್ಮ್ಯಾಟ್ "ಎನ್";2 ಆದೇಶ ಕೊಡಿ. ಪ್ರೋಗ್ರಾಂ ಕಳಿಸಲು ಮೊದಲನೆಯದರಲ್ಲಿ ಸೇವ್ *"ಎನ್";2, ಪಡೆಯಲು ಎರಡನೆಯದರಲ್ಲಿ ಲೋಡ್ *"ಎನ್";1. ಕ್ಯಾಸೆಟ್ಟಿನಲ್ಲಿ ನಿಮಿಷಗಟ್ಟಲೆ ಕಾಯಿಸುವ ಪ್ರೋಗ್ರಾಂ ಕೆಲವೇ ಸೆಕೆಂಡಿಗೆ ಆ ಕಡೆ ಬರುತ್ತದೆ. ಹೀಗೆ 64 ಯಂತ್ರಗಳವರೆಗೆ ಜೋಡಿಸಬಹುದು.