ಭಾವನ ಮೀನಿನ ಗಾಡಿಗೆ ಯಾವ ಲೈಸೆನ್ಸ್?

ಕಾಪುವಿನ ಓದುಗರೊಬ್ಬರ ಪತ್ರ: ‘ನನಗೆ 24 ವರ್ಷ. ಕಾರಿನ ಲೈಸೆನ್ಸ್ ಇದೆ. ಮಲ್ಪೆ ಬಂದರಿನಿಂದ ಮೀನು ಸಾಗಿಸಲು ಭಾವ ಟಾಟಾ ಏಸ್ ತಗೊಂಡಿದ್ದಾರೆ, ಓಡಿಸಲು ನನ್ನನ್ನು ಕರೆಯುತ್ತಿದ್ದಾರೆ. ಬೇರೆ ಲೈಸೆನ್ಸ್ ಬೇಕೇ ಬೇಕು ಅಂತಾರೆ ಏಜೆಂಟರು. ಹೌದಾ? ರಜೆಯಲ್ಲಿ ನಮ್ಮ ಕಾರಿನಲ್ಲಿ ಕೃಷ್ಣ ಮಠಕ್ಕೆ ಬಂದವರನ್ನು ಬಾಡಿಗೆಗೆ ಕರೆದೊಯ್ಯಬಹುದಾ? ಮುಂದೆ ಲಾರಿ ಓಡಿಸುವ ಆಸೆಯೂ ಇದೆ.’

ಏಸ್ ಓಡಿಸಲು ನಿಮ್ಮ ಕಾರಿನ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕು. ಸರಕು ಸೇರಿ ಒಟ್ಟು ತೂಕ 7500 ಕಿಲೋ ಮೀರದ ಗಾಡಿಗೆ ಬೇರೆ ಅನುಮತಿ ಬೇಡ ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. 2017ರ ತೀರ್ಪಿನಲ್ಲೂ ಇದೇ ಇತ್ತು. ವಿಮಾ ಕಂಪನಿಗಳು ಅದನ್ನು ಒಪ್ಪದ್ದಕ್ಕೆ ಮತ್ತೆ ವಿಚಾರಣೆ ಆಯಿತು. ಏಸ್ ಆ ಮಿತಿಗಿಂತ ಎಷ್ಟೋ ಕೆಳಗಿದೆ. ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ.

ನನಗೆ ಚಿಂತೆ ಇರುವುದು ಗಾಡಿಯ ಕಾಗದಪತ್ರದ ಬಗ್ಗೆ. ಒಟ್ಟು ತೂಕ 3000 ಕಿಲೋ ಒಳಗಿನ ಸರಕು ಗಾಡಿಗೆ ಪರ್ಮಿಟ್ ಬೇಡ, ನಿಜ. ಆದರೆ ಹಳದಿ ಬೋರ್ಡು, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು), ಇನ್ಶೂರೆನ್ಸ್ ಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಮತ್ತೆ ಲೋಡು. ಮೀನು ಹಿಡಿಸಿದಷ್ಟೂ ತುಂಬುತ್ತಾರೆ, ಐಸಿನ ತೂಕವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಓವರ್‌ಲೋಡಿಗೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಜಾಸ್ತಿಯಾದ ಪ್ರತಿ ಟನ್ನಿಗೆ ಮತ್ತೆ 2,000. ಆರ್‌ಸಿಯಲ್ಲಿ ಬರೆದ ತೂಕವನ್ನು ಭಾವನಿಗೂ ಒಮ್ಮೆ ತೋರಿಸಿ ಮಾರಾಯ್ರೇ. ಹೆದ್ದಾರಿಯಲ್ಲಿ ಕೈ ತೋರಿಸಿ ನಿಲ್ಲಿಸಿದಾಗ ಸ್ಟೇರಿಂಗ್ ಹಿಂದೆ ಇರುವುದು ನೀವು ಅಲ್ವಾ.

ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆ? ಬೇಡವೇ ಬೇಡ. ಎಲ್ಲರೂ ಮಾಡುತ್ತಾರೆ ಅನ್ನುವ ಮಾತು ಅಪಘಾತ ಆಗುವವರೆಗೆ ಮಾತ್ರ. ಸ್ವಂತ ಬಳಕೆಯ ಪಾಲಿಸಿ ಬಾಡಿಗೆಗೆ ನಡೆಯುವುದಿಲ್ಲ, ಕಂಪನಿ ಕೈ ಎತ್ತಿದರೆ ಪರಿಹಾರ ನಿಮ್ಮ ಮನೆಯಿಂದಲೇ ಹೋಗಬೇಕಾಗಬಹುದು. ಪರ್ಮಿಟ್ ಇಲ್ಲದ್ದಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಇದೆ. ಟ್ಯಾಕ್ಸಿ ಮಾಡುವ ಮನಸ್ಸಿದ್ದರೆ ಕಾರನ್ನು ಹಳದಿ ಬೋರ್ಡಿಗೆ ಬದಲಿಸಿ, ಪರ್ಮಿಟ್ ತೆಗೆಯಿರಿ. ಟ್ಯಾಕ್ಸಿ ಚಾಲಕರ ಬ್ಯಾಡ್ಜ್ ರಾಜ್ಯದ ನಿಯಮದ ವಿಚಾರ, ಅದನ್ನು ಆರ್‌ಟಿಒ ಕೌಂಟರಿನಲ್ಲೇ ಕೇಳಿ.

ಲಾರಿಗೆ ಮಾತ್ರ ಬೇರೆ ದಾರಿ. ಎಲ್‌ಎಂವಿ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಿರಬೇಕು. ಆಮೇಲೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್), ಡಾಕ್ಟರ ಸರ್ಟಿಫಿಕೇಟು, ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟು, ಟೆಸ್ಟು. ಎಂಟನೇ ಕ್ಲಾಸು ಪಾಸಾಗಿರಬೇಕೆಂಬ ನಿಯಮ 2019ರಲ್ಲೇ ಹೋಗಿದೆ. ಈ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮಂಗಳೂರಿನಿಂದ ಶಿರಾಡಿ ಹತ್ತುವ ಗ್ಯಾಸ್ ಟ್ಯಾಂಕರಿನ ಮೇಲೆ ಕಣ್ಣಿದ್ದರೆ ಅಪಾಯಕಾರಿ ಸರಕಿನ ತರಬೇತಿ ಬೇರೆಯೇ ಇದೆ, ಆ ಲೈಸೆನ್ಸಿನ ಅವಧಿ ಮೂರು ವರ್ಷಕ್ಕೇ ಮುಗಿಯುತ್ತದೆ. ಸದ್ಯಕ್ಕೆ ಒಂದೆರಡು ಮಳೆಗಾಲ ಏಸ್ ಓಡಿಸಿ ನೋಡಿ.